ಮಾಜಿ ರಾಜ್ಯಪಾಲರಿಗೊಬ್ಬಳು ಎಡಿಸಿ

ಮೀನು ಕೊಳ್ಳಲು ಎಡಿಸಿಯನ್ನು ಹಿಂದಿಟ್ಟುಕೊಂಡು ಹೋಗುತ್ತಿದ್ದ ಮನುಷ್ಯ ಇಡೀ ಮಂಗಳೂರಿನಲ್ಲಿ ಒಬ್ಬರೇ. ಅವರು ನಿಮ್ಮ ದೊಡ್ಡಜ್ಜ. ಆ ಎಡಿಸಿ ನಾನು!

ನಗಬೇಡಿ ಮಕ್ಕಳೇ. ಎಡಿಸಿ ಎಂದರೆ ರಾಜ್ಯಪಾಲರು ಹೋದಲ್ಲೆಲ್ಲ ಅವರ ಬೆನ್ನ ಹಿಂದೆ ನಿಲ್ಲುವ ಅಧಿಕಾರಿ. ಆರಡಿ ಎತ್ತರ, ಹೆಗಲಿನಿಂದ ಎದೆಗೆ ಇಳಿಬಿದ್ದ ಚಿನ್ನದ ಬಣ್ಣದ ಹಗ್ಗ, ಮುಖ ಕಾಣುವಷ್ಟು ಹೊಳೆಯುವ ಬೂಟು. ನಾನಾದರೋ ನಾಲ್ಕಡಿ ಹತ್ತಂಗುಲ, ಕಾಲಿಗೆ ಹವಾಯಿ ಚಪ್ಪಲಿ, ಕೈಯಲ್ಲಿ ಪ್ಲಾಸ್ಟಿಕ್ ಬುಟ್ಟಿ. ಆದರೂ ನಿಯಮ ನಿಯಮವೇ. ಎಡಗಡೆ, ಒಂದು ಹೆಜ್ಜೆ ಹಿಂದೆ. ಒಂದೂವರೆ ಹೆಜ್ಜೆ ಆದರೆ ಭಾವ, ಅಂದರೆ ನಿಮ್ಮ ದೊಡ್ಡಜ್ಜ, ನಿಂತುಬಿಡುತ್ತಿದ್ದರು. ಪಡೀಲಿನ ರಸ್ತೆಯಲ್ಲಿ ಲಾರಿಗಳು ಹಾರ್ನ್ ಹೊಡೆದು ಹೊಡೆದು ಸುಸ್ತಾದರೂ ಅವರು ಕದಲುತ್ತಿರಲಿಲ್ಲ, ನಾನು ಅರ್ಧ ಹೆಜ್ಜೆ ಸರಿಪಡಿಸಿಕೊಳ್ಳುವವರೆಗೆ.

ಮೊನ್ನೆ ಭಾನುವಾರ ಕುದ್ರೋಳಿಯಿಂದ ಬಂದಾಗ ನಿಮ್ಮಲ್ಲಿ ದೊಡ್ಡವಳು ಶಾಲೆಯ ಪ್ರಾಜೆಕ್ಟಿಗೆ ಎಂದು ಮೊಬೈಲಿನಲ್ಲಿ ದೊಡ್ಡಜ್ಜನ ಹೆಸರು ಹಾಕಿ ಹುಡುಕಿದಳು. ಮೂರು ಸಾಲು ಸಿಕ್ಕಿತು. ಹುಟ್ಟಿದ್ದು, ವಕೀಲರಾದದ್ದು, ದೂರದ ಒಂದು ರಾಜ್ಯಕ್ಕೆ ಐದು ವರ್ಷ ರಾಜ್ಯಪಾಲರಾದದ್ದು. ಕಳೆದ ವರ್ಷ ತೀರಿಕೊಂಡದ್ದನ್ನು ಸೇರಿಸಲೂ ಯಾರಿಗೂ ಪುರುಸೊತ್ತಾಗಿಲ್ಲ. ಅವಳು ಕೇಳಿದಳು: "ಇಷ್ಟೇಯಾ ಅಜ್ಜಿ? ರಾಜ್ಯಪಾಲರಾಗಿ ದೊಡ್ಡಜ್ಜ ಎಂತ ಮಾಡಿದ್ರು?"

ನಾನು "ಚಾ ಆರ್ತದೆ, ಕುಡಿ" ಎಂದು ಹೇಳಿ ಒಳಗೆ ಹೋದೆ. ನನಗೆ ಎದುರೆದುರು ಹೇಳಲು ಬರುವುದಿಲ್ಲ ಎಂದು ನಿಮಗೆ ಗೊತ್ತೇ ಉಂಟು. ಆದ್ದರಿಂದ ಬರೆಯುತ್ತಿದ್ದೇನೆ. ಇದು ನಾನು ಎಂಟು ತಿಂಗಳು ಹೆದರಿ ಹೆದರಿ ಹೊತ್ತು ತಿರುಗಿದ ಒಂದು ಗುಟ್ಟಿನ ಕಥೆ. ಗುಟ್ಟು ಇಷ್ಟೇ: ನಿಮ್ಮ ದೊಡ್ಡಜ್ಜನಿಗೆ ಅಕ್ಷರ ಕಾಣುತ್ತಿರಲಿಲ್ಲ. ಇದು ಹೊರಗೆ ಬಿದ್ದರೆ ತನ್ನ ಮಾನ ಹೋಯಿತು ಎಂದು ಅವರು ನಂಬಿದ್ದರು. ಬಿದ್ದರೆ ನನ್ನ ಕೈಯಿಂದಲೇ ಬೀಳುತ್ತದೆ ಎಂದು ನಾನು ನಂಬಿದ್ದೆ!

ನನ್ನ ಹೆದರಿಕೆಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ನಾನು ಊರಿನ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು. ಅಕ್ಷರ ದುಂಡಗೆ ಉಂಟು, ಧೈರ್ಯ ಮಾತ್ರ ಇಲ್ಲ. ಫೋನ್ ಬಡಿದುಕೊಂಡರೆ ಹೆದರಿಕೆ, ಬ್ಯಾಂಕಿನ ಗಾಜಿನ ಬಾಗಿಲು ತಳ್ಳಲು ಹೆದರಿಕೆ, ಮಾಲಿನಲ್ಲಿ ತನ್ನಷ್ಟಕ್ಕೆ ಏರುವ ಮೆಟ್ಟಿಲನ್ನು ಕಂಡರಂತೂ ಮನೆಗೆ ಓಡಿಬಿಡೋಣ ಅನ್ನಿಸುತ್ತದೆ. ಎಲ್ಲಕ್ಕಿಂತ ದೊಡ್ಡ ಹೆದರಿಕೆ ಭಾವನದು. ನಿಮ್ಮ ಅಜ್ಜನ ಅಣ್ಣ ಅವರು. ಪಡೀಲಿನ ಇದೇ ಮನೆಯಲ್ಲಿ ಮೇಲೆ ಅವರು ಮತ್ತು ಅವರ ಹೆಂಡತಿ (ನಾನು ಅಕ್ಕ ಎನ್ನುತ್ತಿದ್ದೆ), ಕೆಳಗೆ ನಾವು. ಮೂವತ್ತು ವರ್ಷದಲ್ಲಿ ನಾನು ಅವರ ಹತ್ತಿರ ಆಡಿದ್ದು ಎರಡೇ ಮಾತು. ಒಂದು, "ಊಟಕ್ಕಾಯಿತು." ಇನ್ನೊಂದು, "ಫೋನ್ ಬಂದಿದೆ." ಎರಡನ್ನೂ ಬಾಗಿಲ ಹಿಂದಿನಿಂದ!

ನಿಮ್ಮ ಅಜ್ಜ ಹೋದ ಮೇಲೆ ನಾನು ಇನ್ನೂ ಒಳಗೆ ಸೇರಿಕೊಂಡೆ. ಯಾರು ಬಂದರೂ ಅಡುಗೆಮನೆಯ ಬಾಗಿಲ ಸಂದಿಯಿಂದಲೇ ಮಾತು. ಊಟವೂ ಅಲ್ಲೇ, ಕಟ್ಟೆಗೆ ಒರಗಿ, ನಿಂತುಕೊಂಡೇ. ನಿಲ್ಲು ಎಂದು ನನಗೆ ಯಾರೂ ಹೇಳಿರಲಿಲ್ಲ. ಕುಳಿತುಕೋ ಎಂದೂ ಯಾರೂ ಹೇಳಿರಲಿಲ್ಲ.

ಅಷ್ಟರಲ್ಲಿ ಭಾವ ರಾಜ್ಯಪಾಲರಾದರು. ಐದು ವರ್ಷ ಕಳೆದು ಹಿಂದೆ ಬಂದರು. ಹೋಗುವಾಗ ಇಬ್ಬರು, ಬರುವಾಗ ಒಬ್ಬರೇ. ಅಕ್ಕ ಅಲ್ಲೇ ರಾಜಭವನದಲ್ಲಿ ತೀರಿಕೊಂಡಿದ್ದರು. ಭಾವನ ಜೊತೆ ಬಂದದ್ದು ಹದಿನೇಳು ಟ್ರಂಕು ಮತ್ತು ಒಂದು ಹಿತ್ತಾಳೆಯ ಗಂಟೆ.

ಬಂದ ಮಾರನೆಯ ದಿನವೇ ಭಾವ ಫ್ರಿಜ್ಜಿನ ಬಾಗಿಲಿಗೆ ಟೈಪ್ ಮಾಡಿದ ಒಂದು ಕಾಗದ ಅಂಟಿಸಿದರು. ಮೇಲೆ 'ಶಿಷ್ಟಾಚಾರ' ಎಂದು ದಪ್ಪಕ್ಷರ. ಗಂಟೆ ಒಂದು ಸಲ ಬಾರಿಸಿದರೆ ಚಾ. ಎರಡು ಸಲ ಬಾರಿಸಿದರೆ ಪತ್ರಿಕೆ. ಮೂರು ಸಲ ಎಂದು ಬರೆದು ಅದರ ಮುಂದೆ ಏನೂ ಬರೆದಿರಲಿಲ್ಲ. ಮೂರು ಸಲ ಬಾರಿಸಿದರೆ ಎಂತ? ಕೇಳುವವರು ಯಾರು? ದಿನವಿಡೀ ನಾನು ಆ ಮೂರನೆಯ ಪೆಟ್ಟಿಗೆ ಕಿವಿಕೊಟ್ಟು, ಹೆದರಿಕೊಂಡು, ಕಾಯಿ ತುರಿಯುತ್ತಿದ್ದೆ.

ಅದರ ಕೆಳಗೆ ಆಸನಗಳ ಕ್ರಮ. 'ಒಂದನೆಯ ಕುರ್ಚಿ: ಮಾಜಿ ರಾಜ್ಯಪಾಲರು. ಎರಡನೆಯ ಕುರ್ಚಿ: ಅವರ ತಮ್ಮನ ಪತ್ನಿ. ಮೂರನೆಯದು ಮತ್ತು ನಂತರದವು: ಅತಿಥಿಗಳು.' ಓದಿ ನನಗೆ ತಲೆ ತಿರುಗಿತು. ಊಟದ ಮೇಜಿನಲ್ಲೂ ಅದೇ ಕ್ರಮ, ಜಗಲಿಯಲ್ಲೂ ಅದೇ ಕ್ರಮ. ಭಾವ ಕುಳಿತು, ನಾನು ಕುಳಿತು, ಆಮೇಲೆಯೇ ಉಳಿದವರು ಕೂರಬೇಕು. ನಾನು ಕೂರದಿದ್ದರೆ? ಯಾರೂ ಕೂರುವ ಹಾಗಿಲ್ಲ! ಒಮ್ಮೆ ಶಾಸಕರೊಬ್ಬರು ಬಂದರು. ಪಾಪ, ನಾನು ಅಡುಗೆಮನೆಯಿಂದ ಹೊರಗೆ ಬರುವವರೆಗೆ ಐದು ನಿಮಿಷ ನಿಂತೇ ಇದ್ದರು. ಕೊನೆಗೆ ನಾನು ಎರಡನೆಯ ಕುರ್ಚಿಯ ಅಂಚಿನಲ್ಲಿ, ನಾಲ್ಕು ಬೆರಳು ಜಾಗದಲ್ಲಿ ಕುಳಿತೆ. ಶಾಸಕರು ಮೂರನೆಯದರಲ್ಲಿ. ನಾನು ಯಾರೋ ದೊಡ್ಡವಳಿರಬೇಕೆಂದು ಅವರಿಗೆ ಅನ್ನಿಸಿರಬೇಕು. ಬಗ್ಗಿ ಕೇಳಿದರು:

"ಮೇಡಂ ಯಾವ ಡಿಪಾರ್ಟ್‌ಮೆಂಟಿನಲ್ಲಿ ಇದ್ದದ್ದು?"

"ಅಡುಗೆ" ಎಂದೆ.

"ಓ! ಫುಡ್ ಆ್ಯಂಡ್ ಸಿವಿಲ್ ಸಪ್ಲೈಸಾ? ಒಳ್ಳೇ ಡಿಪಾರ್ಟ್‌ಮೆಂಟ್ ಅದು!"

ಸಂದರ್ಶಕರ ಪುಸ್ತಕ ಬೇರೆ ಇತ್ತು. ಯಾರು ಬಂದರೂ ಹೆಸರು, ಊರು, ಅಭಿಪ್ರಾಯ ಬರೆದೇ ಹೋಗಬೇಕು. ಗ್ಯಾಸ್ ತಂದವರೂ ಬರೆದಿದ್ದಾರೆ, ಮದುವೆಗೆ ಕರೆಯಲು ಬಂದವರೂ ಬರೆದಿದ್ದಾರೆ. ತೆಂಗಿನಕಾಯಿ ತೆಗೆಯಲು ಬಂದವರು ಬಹಳ ಹೊತ್ತು ಪೆನ್ನು ಕಚ್ಚಿ ಯೋಚಿಸಿ ಬರೆದ ಅಭಿಪ್ರಾಯ ಈಗಲೂ ಆ ಪುಸ್ತಕದಲ್ಲಿ ಉಂಟು: 'ಮನೆ ಚಂದ ಉಂಟು. ಎರಡನೇ ಮರದಲ್ಲಿ ಇಲಿ ಉಂಟು.'

ಇನ್ನು ಭಾವನ ಆ ದೊಡ್ಡ ಮಾತು. ಅದನ್ನು ಹೇಳದೆ ಈ ಕಥೆ ಮುಂದೆ ಹೋಗುವುದಿಲ್ಲ. ವಿಧಾನಸಭೆಯಲ್ಲಿ ವರ್ಷಕ್ಕೊಮ್ಮೆ ರಾಜ್ಯಪಾಲರು ಭಾಷಣ ಓದಬೇಕಂತೆ. ಬರೆಯುವುದು ಸರ್ಕಾರ, ಓದುವುದು ಮಾತ್ರ ಇವರು. ಒಂದು ವರ್ಷ ಇವರು ಎದ್ದು ನಿಂತದ್ದೇ ತಡ, ಸಭೆಯಲ್ಲಿ ಬೊಬ್ಬೆ ಎದ್ದಿತಂತೆ. ಕಾಗದದ ಉಂಡೆಗಳು ಹಾರಿದವಂತೆ. ಇವರು ಮೊದಲ ಪ್ಯಾರಾ ಓದಿದರು, ಕೊನೆಯ ಪ್ಯಾರಾ ಓದಿದರು, "ನಡುವಿನದ್ದು ಓದಲಾಗಿದೆ ಎಂದು ಭಾವಿಸತಕ್ಕದ್ದು" ಎಂದು ಹೇಳಿ ಹೊರಟುಬಂದರು. ಹಾಗೆ ಮಾಡಲಿಕ್ಕೆ ಅವಕಾಶ ಉಂಟಂತೆ! ಮರುದಿನದ ಪತ್ರಿಕೆಯಲ್ಲಿ 'ರಾಜ್ಯಪಾಲರ ಸಮಯಪ್ರಜ್ಞೆ' ಎಂದು ಬಂದಿತ್ತು. ಆ ತುಂಡನ್ನು ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದ್ದರು.

ಮನೆಗೆ ಬಂದ ಮೇಲೂ ಅದೇ ಪದ್ಧತಿ. ಸಂಬಂಧಿಕರ ಫೋನು ಉದ್ದವಾದರೆ, "ಕೊನೆಯ ಪ್ಯಾರಾ ಹೇಳು, ನಡುವಿನದ್ದು ಕೇಳಿದ್ದೇನೆ ಎಂದು ಭಾವಿಸತಕ್ಕದ್ದು" ಎನ್ನುವುದು. ಒಮ್ಮೆ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಭಟ್ಟರು ಕಥೆಯ ಮೊದಲ ಅಧ್ಯಾಯ ಮುಗಿಸಿ ಎರಡನೆಯದಕ್ಕೆ ಹೊರಟಾಗ ಭಾವ ಕೈ ಎತ್ತಿದರು.

"ಭಟ್ರೇ, ಈಗ ಕೊನೆಯ ಅಧ್ಯಾಯ ಓದಿ. ನಡುವಿನದ್ದು ಓದಲಾಗಿದೆ ಎಂದು ಭಾವಿಸತಕ್ಕದ್ದು."

ಭಟ್ಟರು ಕನ್ನಡಕದ ಮೇಲಿನಿಂದ ನೋಡಿದರು. "ಆಗ್ಬಹುದು ಸಾರ್. ಪ್ರಸಾದವನ್ನೂ ತಿಂದಾಗಿದೆ ಅಂತ ಭಾವಿಸಬಹುದಾ?"

ಅಂದು ಐದು ಅಧ್ಯಾಯವೂ ಆಯಿತು!

ಹೀಗೆ ಎರಡು ವರ್ಷ. ಆಮೇಲೆ ಭಾವ ಬದಲಾದರು. ನನ್ನೊಡನೆ ಮಾತಾಡುವಾಗ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಳ್ಳತೊಡಗಿದರು. "ಸಾರಿಗೆ ಉಪ್ಪು ಸರಿ ಉಂಟು" ಎಂದು ಹೇಳುವುದು, ಮುಖ ಮಾತ್ರ ಗೋಡೆಗೆ. ನನಗೆ ಜೀವ ಹೋದ ಹಾಗಾಯಿತು. ನಾನು ಎಂತ ತಪ್ಪು ಮಾಡಿದೆ? ಚಾ ತಣ್ಣಗಿತ್ತೇ? ಎರಡನೆಯ ಕುರ್ಚಿಯಲ್ಲಿ ಕುಳಿತದ್ದು ಹೆಚ್ಚಾಯಿತೇ? ನನ್ನ ಮುಖ ನೋಡಲಿಕ್ಕೇ ಆಗದಷ್ಟು ಸಿಟ್ಟು ಬರಿಸುವಂಥದ್ದು ನಾನು ಮಾಡಿದ್ದಾದರೂ ಏನು? ಒಂದು ತಿಂಗಳು ನಾನು ನನ್ನ ತಪ್ಪುಗಳನ್ನು ಎಣಿಸುತ್ತಾ ಕಳೆದೆ.

ಹಬ್ಬದ ಮರುದಿನ ಒಮ್ಮೆ ಪತ್ರಿಕೆ ಬರಲಿಲ್ಲ. ಗಂಟೆ ಎರಡು ಸಲ ಬಾರಿಸಿತು. ಎದುರು ಹೋಗಿ "ಇವತ್ತು ಪತ್ರಿಕೆ ಇಲ್ಲ" ಎನ್ನುವ ಧೈರ್ಯ ನನಗೆಲ್ಲಿಂದ ಬರಬೇಕು? ಹಿಂದಿನ ದಿನದ್ದನ್ನೇ ನೀಟಾಗಿ ಮಡಚಿ ಟೀಪಾಯಿಯ ಮೇಲಿಟ್ಟು ಓಡಿಬಂದೆ. ಈಗ ಬೈಗುಳ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಬರಲಿಲ್ಲ. ಭಾವ ಒಂದು ಗಂಟೆ ಪತ್ರಿಕೆ ಹಿಡಿದಿದ್ದರು. ಪುಟ ತಿರುಗಿಸಿದರು, "ಹೂಂ" ಎಂದರು, ಕೊನೆಗೆ ಮಡಚಿಟ್ಟು, "ಇವತ್ತು ಹೊಸತು ಎಂತದೂ ಇಲ್ಲ" ಎಂದರು.

ಮಧ್ಯಾಹ್ನದವರೆಗೆ ತಡೆದುಕೊಂಡೆ. ಮೋಸ ಮಾಡಿದ ಪಾಪ ಸುಮ್ಮನಿರಲು ಬಿಡಲಿಲ್ಲ. ಬಾಗಿಲ ಹಿಂದಿನಿಂದ, "ಭಾವ, ಅದು ನಿನ್ನೆಯದ್ದು" ಎಂದೆ.

ಆಮೇಲೆ ಗಂಟೆ ಬಾರಿಸಿತು. ಒಂದು. ಎರಡು. ಮೂರು.

"ಬಾಗಿಲು ಹಾಕಿ ಒಳಗೆ ಬಾ" ಎಂದರು. ನಾನು ಬಾಗಿಲು ಹಾಕುವಾಗ ಚಿಲಕ ಮೂರು ಸಲ ಜಾರಿತು. ಭಾವ ಗೋಡೆ ನೋಡುತ್ತಾ ಹೇಳಿದರು:

"ಎರಡೂ ಕಣ್ಣಿನ ನಡುವಿನ ಭಾಗ ಹೋಗಿದೆ. ಇನ್ನು ಬರುವುದಿಲ್ಲ ಅಂತ ಡಾಕ್ಟ್ರು ಹೇಳಿಯಾಯ್ತು. ಬದಿಯದ್ದೆಲ್ಲ ಕಾಣ್ತದೆ, ನೇರ ನೋಡಿದ್ದು ಮಾತ್ರ ಕಾಣುವುದಿಲ್ಲ. ಅಕ್ಷರ ಅಂತೂ ಇಲ್ಲವೇ ಇಲ್ಲ. ನಿನ್ನನ್ನು ನೇರ ನೋಡಿದರೆ ಕಿವಿಯ ಓಲೆ ಎರಡೂ ಉಂಟು, ನಡುವೆ ಮುಖ ಇಲ್ಲ. ಮುಖ ಕಾಣಬೇಕಾದರೆ ನಾನು ಗೋಡೆ ನೋಡಬೇಕು."

ಅಂದರೆ ಸಿಟ್ಟಲ್ಲ! ಒಂದು ತಿಂಗಳಿನಿಂದ ಭಾವ ಗೋಡೆ ನೋಡಿದ್ದು ನನ್ನನ್ನು ನೋಡಲಿಕ್ಕೆ!

ನಾನು ಸೆರಗಿನ ತುದಿ ತಿರುಚಿದೆ. ಭಾವ ಇದ್ದಕ್ಕಿದ್ದಂತೆ ನಗತೊಡಗಿದರು. "ನೋಡು ಮಾರಾಯ್ತಿ, ಮೊದಲ ಪ್ಯಾರಾ ಉಂಟು, ಕೊನೆಯ ಪ್ಯಾರಾ ಉಂಟು, ನಡುವಿನದ್ದು ಓದಲಾಗಿದೆ ಎಂದು ಭಾವಿಸತಕ್ಕದ್ದು!" ಅವರು ನಕ್ಕರು, ನಾನು ಅತ್ತೆ.

"ಅಳ್ಬೇಡ. ಇದು ಈ ಕೋಣೆಯಿಂದ ಹೊರಗೆ ಹೋಗ್ಬಾರ್ದು. ಮಾಜಿ ಅಂದ್ರೆ ಜನ ಅರ್ಧ ನಮಸ್ಕಾರ ಮಾಡ್ತಾರೆ. ಕಣ್ಣೂ ಇಲ್ಲ ಅಂದ್ರೆ ಕೈ ಹಿಡಿದು ರಸ್ತೆ ದಾಟಿಸ್ಲಿಕ್ಕೆ ಬರ್ತಾರೆ. ಅದು ನನ್ನಿಂದ ಆಗುವುದಿಲ್ಲ. ಇವತ್ತಿನಿಂದ ನೀನು ನನ್ನ ಎಡಿಸಿ."

"ನಾನಾ ಭಾವ? ನನಗೆ ಹೆದರಿಕೆ ಆಗ್ತದೆ."

"ಆಗ್ಲಿ. ಹೆದರಿಕೊಂಡೇ ಮಾಡು."

ಹೀಗೆ ನನ್ನ ನೇಮಕಾತಿ ಆಯಿತು. ಕೆಲಸ ಏನೆಂದರೆ, ಹಿಂದೆ ನಿಂತು ಪಿಸುಗುಟ್ಟುವುದು. ಎದುರು ಯಾರು ಬಂದರು, ಮೆಟ್ಟಿಲು ಎಷ್ಟು, ಕುರ್ಚಿ ಎಲ್ಲಿ. ಹೊರಗಿನವರಿಗೆ ಇದೂ ಭಾವನ ಹೊಸದೊಂದು ಹುಚ್ಚು. "ಪಾಪ ಆ ಹೆಂಗಸು" ಎಂದು ನೆರೆಮನೆಯವರು ನನಗೆ ಮರುಗಿದರು. ಮರುಗಲಿ! ಅವರು ಭಾವನಿಗೆ ಮರುಗದಿದ್ದರೆ ಸಾಕಿತ್ತು.

ಮೊದಲ ವಾರವೇ ಮೀನಿನ ಪರೀಕ್ಷೆ. ರಸ್ತೆ ಬದಿಯಲ್ಲಿ ಕೊಡೆ ಬಿಡಿಸಿ ಮೀನು ಮಾರುವ ಬಾಯಮ್ಮನ ಮುಂದೆ ಭಾವ ನಿಂತರು. "ಬಲಕ್ಕೆ ಬಂಗುಡೆ, ನಡುವೆ ಬೂತಾಯಿ" ಎಂದು ಪಿಸುಗುಟ್ಟಿದೆ. ಹೆದರಿಕೆಯಲ್ಲಿ ಎಡಗಡೆಯದ್ದನ್ನು ಹೇಳಲು ಮರೆತೆ. ಭಾವ ಕೋಲು ಎತ್ತಿ ಎಡಗಡೆಗೇ ತೋರಿಸಿದರು. "ಈ ದೊಡ್ಡ ಅಂಜಲ್ ಮೀನು ಹೇಗೆ?"

ಬಾಯಮ್ಮ ಬಾಯಿಯ ಎಲೆಯಡಿಕೆ ಉಗಿದು ನೋಡಿದಳು. "ಅದು ನನ್ನ ಬೆಕ್ಕು ಧನಿಗಳೇ. ಮಲಗಿದೆ."

ಮುಗಿಯಿತು, ಮೊದಲ ವಾರಕ್ಕೇ ಮುಗಿಯಿತು! ಭಾವ ಮಾತ್ರ ಕೋಲು ಇಳಿಸಲಿಲ್ಲ. "ಬೆಕ್ಕು ಅಂತ ನನಗೆ ಗೊತ್ತಿಲ್ವಾ? ನೀನು ಸತ್ಯ ಹೇಳ್ತೀಯಾ ಅಂತ ನೋಡಿದ್ದು. ಪ್ರಾಮಾಣಿಕ ಹೆಂಗಸು. ಎರಡು ಕಿಲೋ ಬಂಗುಡೆ ಹಾಕು."

ಆ ಮೇಲೆ ಬಾಯಮ್ಮ ಬಂದ ಗಿರಾಕಿಗಳಿಗೆಲ್ಲ ಹೇಳತೊಡಗಿದಳು: "ನನ್ನ ಹತ್ತಿರ ಮೋಸ ಇಲ್ಲ. ಗವರ್ನರೇ ಪರೀಕ್ಷೆ ಮಾಡಿ ಪಾಸು ಮಾಡಿದ್ದಾರೆ!"

ಕುದ್ರೋಳಿಯ ಮದುವೆಯೊಂದರಲ್ಲಿ "ಎದುರಿಗೆ ಹುಡುಗಿಯ ಅಪ್ಪ" ಎಂದು ನಾನು ಪಿಸುಗುಟ್ಟುವಷ್ಟರಲ್ಲಿ ಹುಡುಗಿಯ ಅಪ್ಪ ಬದಿಗೆ ಸರಿದು, ಆ ಜಾಗಕ್ಕೆ ಅಡುಗೆಯವರು ಸಾಂಬಾರಿನ ಬಕೆಟು ಹಿಡಿದು ಬಂದಿದ್ದರು. ಭಾವ ಬಕೆಟಿನೊಂದಿಗೆ ಅವರ ಎರಡೂ ಕೈ ಹಿಡಿದು, "ನಿಮ್ಮಂಥವರಿಂದಲೇ ಇಂಥ ಕಾರ್ಯ ನಡೆಯುವುದು. ಜೀವನ ಸಾರ್ಥಕ ಆಯ್ತು ನಿಮ್ಮದು" ಎಂದರು. ಆ ಅಡುಗೆಯವರ ಕಣ್ಣಲ್ಲಿ ನೀರು! ಇಡೀ ಹಾಲಿನಲ್ಲಿ ಅದೇ ಮಾತು: "ನೋಡಿ, ಎಷ್ಟು ದೊಡ್ಡ ಮನುಷ್ಯ, ಮೊದಲು ಅಡುಗೆಯವರ ಕೈ ಹಿಡಿದ್ರು." ಎಲ್ಲರೂ ಹೊಗಳುತ್ತಿದ್ದರೆ ನಾನು ಕಂಬಕ್ಕೆ ಒರಗಿ ಬೆವರು ಒರೆಸಿಕೊಳ್ಳುತ್ತಿದ್ದೆ. ಸಾಂಬಾರಿನ ಎರಡು ತೊಟ್ಟು ಭಾವನ ಅಂಗಿಯ ಮೇಲೆ ಬಿದ್ದದ್ದನ್ನು ನಾನು ಮಾತ್ರ ನೋಡಿದ್ದೆ.

ಇಂಥ ಹೆದರಿಕೆಗಳೆಲ್ಲ ಸಣ್ಣವು. ದೊಡ್ಡದು ವಾಮಂಜೂರಿನಿಂದ ಬಂತು.

ಅಲ್ಲಿಯ ಒಂದು ಕನ್ನಡ ಶಾಲೆಯವರು ಹೊಸ ಗ್ರಂಥಾಲಯ ಕಟ್ಟಿಸಿ, ಅದಕ್ಕೆ ಭಾವನ ಹೆಸರಿಡುವುದೆಂದು ತೀರ್ಮಾನಿಸಿದ್ದರು. ಶಾಲೆಯ ಸಂಚಾಲಕರು ಕರೆಯಲು ಬಂದರು. ಬಂದವರೇ, "ಸಾರ್, ಭಾಷಣ ಬರ್ಕೊಂಡು ಬಂದು ಓದ್ಬೇಕು. ಬಾಯಿಪಾಠ ಭಾಷಣ ಎಲ್ಲರೂ ಮಾಡ್ತಾರೆ. ನೀವು ವಿಧಾನಸಭೆಯಲ್ಲಿ ಓದಿದ ಹಾಗೆ ಫೈಲ್ ಹಿಡ್ಕೊಂಡು ಓದುವ ಫೋಟೋ ನಮಗೆ ಗ್ರಂಥಾಲಯದ ಗೋಡೆಗೆ ಬೇಕು" ಎಂದರು.

ನಾನು ಹಿಂದಿನಿಂದ ಕೆಮ್ಮಿದೆ. ಇನ್ನೊಮ್ಮೆ ಕೆಮ್ಮಿದೆ. ಭಾವ "ಆಗ್ಬಹುದು" ಎಂದುಬಿಟ್ಟರು!

ಅವರು ಹೋದ ಮೇಲೆ ಗಂಟೆ ಮೂರು ಸಲ. "ಕೆಮ್ಮಿದ್ದು ಕೇಳಿತು. ಆಗುವುದಿಲ್ಲ ಅಂದ್ರೆ ಯಾಕೆ ಅಂತ ಕೇಳ್ತಾರೆ. ಯಾಕೆ ಅಂದ್ರೆ ಎಂತ ಹೇಳುವುದು? ಒಂದು ಉಪಾಯ ಉಂಟು. ನೀನು ಭಾಷಣ ಬರೆ. ಮೊದಲ ಪ್ಯಾರಾ ಮತ್ತು ಕೊನೆಯ ಪ್ಯಾರಾ ನನಗೆ ಬಾಯಿಪಾಠ ಮಾಡಿಸು. ಫೈಲ್ ಹಿಡ್ಕೊಂಡು ಅದೆರಡು ಹೇಳ್ತೇನೆ. ನಡುವಿನದ್ದು..."

"ಓದಲಾಗಿದೆ ಎಂದು ಭಾವಿಸತಕ್ಕದ್ದು" ಎಂದೆ.

"ಭೇಷ್!"

"ನಡುವೆ ಎಂತ ಬರೆಯಲಿ ಭಾವ?"

"ಎಂತ ಬೇಕಾದ್ರೂ ಬರಿ. ಓದುವವರು ಯಾರು?"

ಹಾಗೆ ಏಳನೆಯ ತರಗತಿಯವಳು ಮಾಜಿ ರಾಜ್ಯಪಾಲರ ಭಾಷಣ ಬರೆದಳು! ಮೊದಲ ಪ್ಯಾರಾದಲ್ಲಿ ಎಲ್ಲರಿಗೂ ನಮಸ್ಕಾರ. ಕೊನೆಯದರಲ್ಲಿ ಎಲ್ಲರಿಗೂ ವಂದನೆ, ಮಕ್ಕಳಿಗೆ ಆಶೀರ್ವಾದ. ನಡುವಿನದ್ದನ್ನು ಯಾರೂ ಓದುವುದಿಲ್ಲ ಎಂದು ಗೊತ್ತಿದ್ದುದರಿಂದ ನನಗೆ ಬಾಯಿಬಿಟ್ಟು ಹೇಳಲು ಆಗದೆ ಇದ್ದದ್ದನ್ನು ಬರೆದೆ. ಬರೆಯುವಾಗ ಹೆದರಿಕೆಯೇ ಆಗಲಿಲ್ಲ, ವಿಚಿತ್ರ ನೋಡಿ.

ಬೆಳಿಗ್ಗೆ ಚಾ ಆದ ಮೇಲೆ ಹಿಂಬದಿ ಜಗಲಿಯಲ್ಲಿ ಪಾಠ. ನಾನು ಹೇಳುವುದು, ಭಾವ ಮಗ್ಗಿಯ ಹಾಗೆ ತಿರುಗಿ ಹೇಳುವುದು. 'ಮುಖ್ಯೋಪಾಧ್ಯಾಯರೇ' ಆದ ಮೇಲೆ ಬರುವ 'ಪೋಷಕರೇ' ಅವರಿಗೆ ದಿನಾ ಮರೆತುಹೋಗುತ್ತಿತ್ತು. ಒಂದು ದಿನ ನನ್ನ ಬಾಯಿಂದ, "ಇನ್ನೊಮ್ಮೆ! ಮೊದಲಿಂದ!" ಎಂದು ಜೋರಾಗಿ ಬಂದುಬಿಟ್ಟಿತು. ಬಂದ ಮೇಲೆ ನಾನೇ ಬಾಯಿಗೆ ಕೈ ಅಡ್ಡ ಹಿಡಿದೆ. ಭಾವ ವಿಧೇಯ ಹುಡುಗನ ಹಾಗೆ ಮೊದಲಿಂದ ಶುರು ಮಾಡಿದರು. ಆಗ ನೋಡಿದೆ, ಅವರ ಮಡಿಲಲ್ಲಿದ್ದ ಕೈಗಳು ನಡುಗುತ್ತಿದ್ದವು.

"ಭಾವ, ನಿಮಗೂ ಹೆದರಿಕೆ ಆಗ್ತದಾ?" ಕೆಲಸದ ಮಾತು ಬಿಟ್ಟರೆ, ಜೀವಮಾನದಲ್ಲಿ ನಾನು ಅವರನ್ನು ಕೇಳಿದ ಮೊದಲ ಪ್ರಶ್ನೆ ಅದು.

ಕೈಗಳನ್ನು ಒಂದರೊಳಗೊಂದು ಹೆಣೆದುಕೊಂಡರು. "ರಾಜಭವನದಲ್ಲಿ ಒಂದು ದಿನವೂ ಹೆದರಿಕೆ ಇಲ್ಲದೆ ಬಾಗಿಲು ದಾಟಿದ್ದಿಲ್ಲ. ಯಾರು ಎಂತ ಕೇಳ್ತಾರೋ, ಎಲ್ಲಿ ತಪ್ಪು ಸಹಿ ಹಾಕ್ತೇನೋ. ಆ ದಿನ ವಿಧಾನಸಭೆಯಲ್ಲಿ ಬೊಬ್ಬೆ ಆಯ್ತಲ್ಲ, ಕಾಲು ನಡುಗಿ ನಿಲ್ಲಲಿಕ್ಕೆ ಆಗ್ಲಿಲ್ಲ. ಅದಕ್ಕೇ ನಡುವಿನದ್ದು ಬಿಟ್ಟದ್ದು. ಪೇಪರಿನವರು ಸಮಯಪ್ರಜ್ಞೆ ಅಂತ ಬರೆದ್ರು. ಹಿಂದೆ ಎಡಿಸಿ ನಿಂತಿದ್ದಾನೆ ಅಂತ ಗೊತ್ತಿದ್ದದ್ದರಿಂದ ಬೀಳ್ಲಿಲ್ಲ, ಅಷ್ಟೇ."

ಗೋಡೆಯಲ್ಲಿದ್ದ ಆ ಪತ್ರಿಕೆಯ ತುಂಡನ್ನು ಆಮೇಲೆ ನಾನು ಒರೆಸುವಾಗಲೆಲ್ಲ ಹಗುರವಾಗಿ ಒರೆಸಿದೆ.

ಸಮಾರಂಭದ ಹಿಂದಿನ ದಿನ ನಾನು ಯಾರಿಗೂ ಹೇಳದೆ ಎರಡು ಬಸ್ಸು ಬದಲಿಸಿ ವಾಮಂಜೂರಿಗೆ ಹೋದೆ. ಒಬ್ಬಳೇ! ವೇದಿಕೆಯ ಮೆಟ್ಟಿಲು ಎಣಿಸಿದೆ. ಐದು. ಮೆಟ್ಟಿಲಿನಿಂದ ಮೈಕಿಗೆ ಹನ್ನೊಂದು ಹೆಜ್ಜೆ. ಹಿಂದೆ ಬರುವಾಗ ಕಂಡಕ್ಟರ್ "ಎಲ್ಲಿಗೆ ಅಮ್ಮ?" ಎಂದು ಕೇಳಿದಾಗ ಹೆದರಿ ಪಡೀಲ್ ಎನ್ನುವ ಬದಲು ಐದು, ಹನ್ನೊಂದು ಎಂದುಬಿಟ್ಟೆ.

ಮರುದಿನ ಎಲ್ಲ ಸರಿಯಾಗಿಯೇ ನಡೆಯಿತು. ಐದು ಮೆಟ್ಟಿಲು ಸರಿ. ಹನ್ನೊಂದು ಹೆಜ್ಜೆ ಸರಿ. ಆದರೆ ಭಾಷಣಕ್ಕೆ ಹೆಸರು ಕರೆಯುವ ಹೊತ್ತಿಗೆ ಸಂಚಾಲಕರು ಓಡಿಬಂದು ನನ್ನ ಕೈಯ ಪ್ಲಾಸ್ಟಿಕ್ ಕವರು ನೋಡಿ ಮುಖ ಸಿಂಡರಿಸಿದರು. "ಇದು ಫೋಟೋದಲ್ಲಿ ಚಂದ ಕಾಣುವುದಿಲ್ಲ ಅಮ್ಮ. ಹಾಳೆ ಇದರೊಳಗೆ ಹಾಕಿ" ಎಂದು ಶಾಲೆಯ ಹೊಸ ನೀಲಿ ಫೈಲು ಕೊಟ್ಟರು. ಅದರ ಮೇಲೆ ಶಾಲೆಯ ಗುರುತು, ಉರಿಯುವ ದೀಪ, ಬಂಗಾರದ ಬಣ್ಣದಲ್ಲಿ. ಎದುರಿಗೆ ನೂರಾರು ಜನ. ಹೇಗೋ ಹಾಳೆ ಸೇರಿಸಿ ಭಾವನ ಕೈಗೆ ಕೊಟ್ಟು, ಒಂದು ಹೆಜ್ಜೆ ಹಿಂದೆ ನಿಂತೆ.

ಭಾವ ಫೈಲು ಬಿಡಿಸಿ ಎದೆಯ ಎತ್ತರಕ್ಕೆ ಹಿಡಿದರು. "ಮಾನ್ಯ ಸಂಚಾಲಕರೇ, ಮುಖ್ಯೋಪಾಧ್ಯಾಯರೇ, ಪೋಷಕರೇ..." 'ಪೋಷಕರೇ' ಬಂತು! ನನಗೆ ಉಸಿರು ಬಂತು. ಧ್ವನಿ ಗಂಭೀರ, ನಿಲುವು ನೇರ. ಕಣ್ಣು ಹಾಳೆಯ ಮೇಲೆ ಓಡುತ್ತಿರುವ ಹಾಗೆಯೇ ಇತ್ತು.

ಆಗ ಮೊದಲ ಸಾಲಿನ ಹುಡುಗಿಯೊಬ್ಬಳು ತಲೆಯನ್ನು ಬದಿಗೆ ವಾಲಿಸಿದಳು. ಪಕ್ಕದವಳೂ ವಾಲಿಸಿದಳು. ಹಾಗೇ ಸಾಲಿನುದ್ದಕ್ಕೂ ತಲೆಗಳು ವಾಲಿದವು, ಗಾಳಿಗೆ ಭತ್ತದ ಪೈರು ವಾಲಿದ ಹಾಗೆ. ಕಿಸಕ್ಕೆಂದು ನಗು. ನಾನು ಭಾವನ ತೋಳಿನ ಬದಿಯಿಂದ ಇಣುಕಿದೆ. ನನ್ನದೇ ದುಂಡಕ್ಷರ ತಲೆ ಕೆಳಗಾಗಿ ನಿಂತಿತ್ತು! ಜನರ ಕಡೆಗಿದ್ದ ಫೈಲಿನ ದೀಪದ ಉರಿ ಕೆಳಮುಖವಾಗಿತ್ತು. ಭಾವ ಮಾತ್ರ ತಲೆಕೆಳಗಾದ ಹಾಳೆಯಿಂದ ಸರಾಗವಾಗಿ ಓದುತ್ತಲೇ ಇದ್ದರು.

ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಸಂಚಾಲಕರು ನನ್ನ ಬಳಿಗೆ ಬಗ್ಗಿ ಬಂದು ಹಲ್ಲು ಕಚ್ಚಿ ಹೇಳಿದರು: "ಎಂತ ಅಮ್ಮ ನೀವು! ಫೈಲ್ ಉಲ್ಟಾ ಕೊಡುವುದಾ? ಇಷ್ಟು ದೊಡ್ಡವರ ಮರ್ಯಾದೆ ತೆಗೆದ್ರಲ್ಲ! ಇಂಥದ್ದಕ್ಕೆ ಸ್ವಲ್ಪ ಓದಿದವರನ್ನು ಕರ್ಕೊಂಡು ಬರ್ಬೇಕಿತ್ತು." ಪಿಸುಮಾತೆಂದು ಅವರು ಎಣಿಸಿದ್ದರು. ಮೈಕು ಒಂದು ಹೆಜ್ಜೆ ದೂರದಲ್ಲೇ ಇತ್ತು.

ಭಾವ ನಿಲ್ಲಿಸಿದರು.

ಮಕ್ಕಳೇ, ಅವರಿಗೆ ತಪ್ಪಿಸಿಕೊಳ್ಳಲು ದಾರಿ ಇತ್ತು. ಬೆಕ್ಕನ್ನು ಅಂಜಲ್ ಎಂದು ತೋರಿಸಿ ಪಾರಾದ ಮನುಷ್ಯ! ಒಂದು ನಗೆ ನಕ್ಕು, "ನಮ್ಮ ಹೆಂಗಸಿಗೆ ಗಾಬರಿ" ಎಂದು ಫೈಲು ತಿರುಗಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ನಾನೇ ಹಿಂದಿನಿಂದ ಪಿಸುಗುಟ್ಟಿದೆ, "ತಪ್ಪು ನಂದು ಅಂತ ಹೇಳಿಬಿಡಿ ಭಾವ."

ಅವರು ಫೈಲನ್ನು ಮುಚ್ಚಿದರು.

"ಸಂಚಾಲಕರೇ, ಫೈಲ್ ಉಲ್ಟಾ ಆದದ್ದು ಅವಳ ತಪ್ಪಲ್ಲ. ನೇರ ಇದ್ದಿದ್ರೂ ನನಗೆ ಒಂದೇ. ಒಂಬತ್ತು ತಿಂಗಳಿಂದ ನನಗೆ ಅಕ್ಷರ ಕಾಣುವುದಿಲ್ಲ. ಈಗ ನೀವು ಕೇಳಿದ್ದು ಇವಳು ಬರೆದು, ಇವಳೇ ನನಗೆ ಬಾಯಿಪಾಠ ಮಾಡಿಸಿದ್ದು. ಓದಿದವರನ್ನು ಕರ್ಕೊಂಡು ಬರ್ಬೇಕಿತ್ತು ಅಂದ್ರಿ. ಕರ್ಕೊಂಡೇ ಬಂದಿದ್ದೇನೆ."

ಎಂಟು ತಿಂಗಳು ನಾನು ಎದೆಯೊಳಗೆ ಬಚ್ಚಿಟ್ಟದ್ದನ್ನು ಅವರು ಮೈಕಿನಲ್ಲಿ ಹೇಳಿಬಿಟ್ಟಿದ್ದರು, ನನಗಾಗಿ! ಅಷ್ಟಕ್ಕೇ ಬಿಟ್ಟರೇ? ಫೈಲನ್ನು ನನ್ನ ಕಡೆ ಚಾಚಿದರು. "ನಡುವಿನ ಪ್ಯಾರಾವನ್ನು ನಾನು ಯಾವತ್ತೂ ಬಿಟ್ಟು ಓದಿದವ. ಇವತ್ತು ಬಿಡುವುದಿಲ್ಲ. ನನ್ನ ಎಡಿಸಿ ಓದ್ತಾಳೆ."

ಆ ಒಂದು ಹೆಜ್ಜೆ! ಎಂಟು ತಿಂಗಳು ಅಳೆದು ಅಳೆದು ಹಿಂದೆ ನಿಂತ ಆ ಒಂದು ಹೆಜ್ಜೆಯನ್ನು ನಾನು ಹೇಗೆ ದಾಟಿದೆನೋ ಗೊತ್ತಿಲ್ಲ. ಮೈಕು ನನ್ನ ಹಣೆಗಿಂತ ಮೇಲಿತ್ತು. ಯಾರೋ ಬಗ್ಗಿಸಿಕೊಟ್ಟರು. ಫೈಲು ನೇರ ಹಿಡಿದು ಓದಿದೆ:

"ನಮ್ಮ ಮನೆಯಲ್ಲಿ ಒಬ್ಬ ಹೆಂಗಸು ಬಹಳ ವರ್ಷ ಅಡುಗೆಕಟ್ಟೆಗೆ ಒರಗಿ, ನಿಂತುಕೊಂಡೇ ಊಟ ಮಾಡುತ್ತಿದ್ದಳು..."

ಮುಂದೆ ಆಗಲಿಲ್ಲ. ಅಕ್ಷರಗಳು ನೀರಿನಲ್ಲಿ ತೇಲಿದವು. ನೂರಾರು ಜನ ನನ್ನನ್ನೇ ನೋಡುತ್ತಿದ್ದರು. ನನಗೆ ಬಂದದ್ದು ಒಂದೇ ದಾರಿ.

"ಉಳಿದದ್ದು ಓದಲಾಗಿದೆ ಎಂದು ಭಾವಿಸತಕ್ಕದ್ದು!"

ಚಪ್ಪಾಳೆಯೋ ಚಪ್ಪಾಳೆ! ಗೋಡೆಯ ಫೋಟೋಕ್ಕೆ ಸಿಕ್ಕಿದ್ದೂ ಅದೇ ಗಳಿಗೆ. ವಾಮಂಜೂರಿಗೆ ಹೋದರೆ ನೋಡಿ. ಮಾಜಿ ರಾಜ್ಯಪಾಲರು ಪಕ್ಕದಲ್ಲಿ ನಿಂತು ನಗುತ್ತಿದ್ದಾರೆ, ಮೈಕಿನ ಹಿಂದೆ ಅರ್ಧ ಹಣೆ ಮಾತ್ರ ಕಾಣುತ್ತದೆ. ಆ ಅರ್ಧ ಹಣೆ ನಿಮ್ಮ ಅಜ್ಜಿಯದು.

ಮನೆಗೆ ಬಂದದ್ದೇ ನಾನು ಅಡುಗೆಮನೆಗೆ ಸೇರಿ, ಒಲೆ ಹಚ್ಚದೆ, ದೀಪ ಹಾಕದೆ ನಿಂತೆ. ಗುಟ್ಟು ಹೋಯಿತು. ನನ್ನ ಕೈಯಿಂದಲೇ ಹೋಯಿತು. ಇನ್ನು ಎಡಿಸಿ ಯಾಕೆ ಬೇಕು ಅವರಿಗೆ? ನಾಳೆಯಿಂದ ಯಾರು ಬೇಕಾದರೂ ಕೈ ಹಿಡಿದು ನಡೆಸಬಹುದಲ್ಲ!

ಗಂಟೆ ಬಾರಿಸಿತು. ಮೂರು.

ಭಾವ ಒಂದನೆಯ ಕುರ್ಚಿಯಲ್ಲಿ ಕುಳಿತಿದ್ದರು. "ನಡುವಿನದ್ದು ಓದು. ಪೂರ್ತಿ."

ನಾನು ನಿಂತಲ್ಲೇ ಹಾಳೆ ಬಿಡಿಸಿದೆ.

"ನಿಂತು ಅಲ್ಲ ಮಾರಾಯ್ತಿ. ಕೂತು."

ಎರಡನೆಯ ಕುರ್ಚಿಯ ಅಂಚಿನಲ್ಲಿ, ಆ ನಾಲ್ಕು ಬೆರಳು ಜಾಗದಲ್ಲಿ ಕುಳಿತು ಓದಿದೆ:

"ನಮ್ಮ ಮನೆಯಲ್ಲಿ ಒಬ್ಬ ಹೆಂಗಸು ಬಹಳ ವರ್ಷ ಅಡುಗೆಕಟ್ಟೆಗೆ ಒರಗಿ, ನಿಂತುಕೊಂಡೇ ಊಟ ಮಾಡುತ್ತಿದ್ದಳು. ಒಂದು ದಿನ ಒಬ್ಬ ಮಾಜಿ ರಾಜ್ಯಪಾಲರು ಬಂದು ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದರು. ಅವಳು ಕೂರದೆ ಆ ಮನೆಯಲ್ಲಿ ಶಾಸಕರೂ ಕೂರುವ ಹಾಗಿಲ್ಲ ಎಂದು ಆಯಿತು. ಅಂದಿನಿಂದ ಅವಳು ಕುಳಿತು ಊಟ ಮಾಡುತ್ತಾಳೆ. ರಾಜ್ಯಪಾಲರು ಎಂತ ಮಾಡಿದರು ಎಂದು ಯಾರಾದರೂ ಮಕ್ಕಳು ಕೇಳಿದರೆ, ದೊಡ್ಡ ದೊಡ್ಡ ವಿಷಯ ನನಗೆ ತಿಳಿಯದು. ಇಷ್ಟು ಮಾಡಿದ್ದು ನನಗೆ ಗೊತ್ತು."

ಓದಿ ಮುಗಿಸಿ ತಲೆ ಎತ್ತಿದೆ. ಭಾವ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ್ದರು. ಸಿಟ್ಟು ಬಂದಿತೆಂದೇ ಎಣಿಸಿದೆ. ಆ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಬಿಟ್ಟರೆ ಏನೂ ಇರಲಿಲ್ಲ. ಎಷ್ಟು ಹೊತ್ತಾದರೂ ಅವರು ಮುಖ ಈಚೆಗೆ ತಿರುಗಿಸಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳಲೂ ಇಲ್ಲ.

ಆಗ ನನಗೆ ನೆನಪಾಯಿತು. ಭಾವ ನನ್ನನ್ನು ನೋಡುತ್ತಿದ್ದರು.

ನಾನು ಕುರ್ಚಿಯಲ್ಲಿ ಹಿಂದಕ್ಕೆ ಸರಿದು, ಬೆನ್ನು ತಾಗಿಸಿ, ಸರಿಯಾಗಿ ಕುಳಿತೆ.